ಓಲೆಯ ಓಟದಿಂದ ಊರ ಓಟಕ್ಕೆ: ಭಟ್ಕಳ, ಹೊನ್ನಾವರ, ಕುಮಟಾ ದಾರಿಯನ್ನು ಕುರಿತು ಕೆಲವು ವಿಚಾರಗಳು

೧

ಕನ್ನಡ ಕರಾವಳಿಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಹಡಗುಗಳ ಇತಿಹಾಸವನ್ನು ಬರೆದಿದ್ದಾರೆ. ಭಟ್ಕಳದಲ್ಲಿಳಿದ ಕುದುರೆಗಳು, ಗೇರುಸೊಪ್ಪೆಯಿಂದ ಹೊರಟ ಮೆಣಸು, ಕುಮಟಾ ಬಂದರಿನಿಂದ ಸಾಗಿದ ಹತ್ತಿ, ಇವುಗಳ ಲೆಕ್ಕ ನಮಗೆ ದೊರೆಯುತ್ತದೆ. ಕಡಲಿಗೆ ಸಮಾನಾಂತರವಾಗಿ ಭಟ್ಕಳದಿಂದ ಹೊನ್ನಾವರಕ್ಕೂ ಅಲ್ಲಿಂದ ಕುಮಟಾಕ್ಕೂ ಹೋಗುವ ನೆಲದ ದಾರಿಯನ್ನು ಕುರಿತು, ಅದರ ಮೇಲೆ ಕಾಲಿನ ಬಲದಿಂದಲೇ ಬಾಳಿದವರನ್ನು ಕುರಿತು, ವಿಚಾರ ನಡೆದಿರುವುದು ಅಲ್ಪ. ಪ್ರಕೃತ ಲೇಖನದಲ್ಲಿ ಆ ದಾರಿಯ ಒಂದು ಅಂಗವನ್ನು ಮಾತ್ರ, ಎಂದರೆ ಓಟವನ್ನು ಮಾತ್ರ, ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ವಿಷಯಕ್ಕೆ ನಮ್ಮ ಗಮನ ಹರಿದ ಸಂದರ್ಭವನ್ನು ಇಲ್ಲಿ ಹೇಳುವುದು ಅಪ್ರಾಸಂಗಿಕವಾಗಲಾರದು. ಹೊನ್ನಾವರದ ಸಮೀಪದ ಊರವರು ಏರ್ಪಡಿಸಿದ್ದ ಹತ್ತು ಕಿಲೋಮೀಟರುಗಳ ರಸ್ತೆಯ ಓಟವೊಂದರಲ್ಲಿ ನಾವು ಸ್ವತಃ ಪಾಲ್ಗೊಂಡೆವು. ಶಾಲೆ ಬಿಟ್ಟ ಮೇಲೆ ನಾವು ಓಡಿದ್ದು ಅದೇ ಮೊದಲು. ಗ್ರಂಥಾಲಯದ ಕುರ್ಚಿಯಲ್ಲಿ ವಯಸ್ಸು ಕಳೆದವರು ಇಂಥ ಸಾಹಸಕ್ಕೆ ಕೈಹಾಕುವುದು ನಗೆಗೀಡಾಗುವ ಮಾತೆಂಬುದನ್ನು ಬಲ್ಲೆವು. ಆದರೂ ಆ ಒಂದು ಮುಂಜಾವಿನಲ್ಲಿ, ನಾವು ಹಿಂದೆ ಹಲವು ಸಲ ಓದಿ ಮುಂದಕ್ಕೆ ಸರಿದಿದ್ದ ಒಂದು ಪ್ರವಾಸಿಯ ವರದಿ ನಮಗೆ ಹೊಸ ಅರ್ಥವನ್ನು ಕೊಟ್ಟಿತು. ಓದುಗರು ನಮ್ಮ ಅನುಭವವನ್ನು ಪ್ರಮಾಣವೆಂದು ಸ್ವೀಕರಿಸಬೇಕಾಗಿಲ್ಲ. ಅದು ಒಂದು ಪ್ರಶ್ನೆಯನ್ನು ಎತ್ತಿತು ಎಂದಷ್ಟೇ ನಮ್ಮ ವಾದ.

೨

ಮೊದಲು ನೆಲದ ಸ್ವರೂಪವನ್ನು ನೋಡೋಣ. ಭಟ್ಕಳದಿಂದ ಹೊನ್ನಾವರಕ್ಕೆ ಇಂದಿನ ಹೆದ್ದಾರಿಯಲ್ಲಿ ಸುಮಾರು ನಲವತ್ತು ಕಿಲೋಮೀಟರು, ಹೊನ್ನಾವರದಿಂದ ಕುಮಟಾಕ್ಕೆ ಸುಮಾರು ಇಪ್ಪತ್ತು. ದಕ್ಷಿಣದಿಂದ ಬರುವವನಿಗೆ ಶಿರಾಲಿ, ಬೈಲೂರು, ಮಂಕಿ, ಕಾಸರಕೋಡುಗಳು ಸಿಕ್ಕುತ್ತವೆ. ಶರಾವತಿಯನ್ನು ದಾಟಿದ ಮೇಲೆ ಕರ್ಕಿ, ಹಳದೀಪುರ, ಧಾರೇಶ್ವರಗಳು. ಎಡಕ್ಕೆ ಕಡಲು, ಬಲಕ್ಕೆ ಸಹ್ಯಾದ್ರಿಯ ಚಾಚು. ನಡುವೆ ಗದ್ದೆ, ತೆಂಗಿನ ತೋಟ ಮತ್ತು ಕೆಂಪು ಜಂಬಿಟ್ಟಿಗೆಯ ದಿಬ್ಬಗಳಿರುವ ಕಿರಿದಾದ ಪಟ್ಟಿ. ಬೆಟ್ಟ ಕೆಲವೆಡೆ ಕಡಲಿನ ತೀರ ಸಮೀಪಕ್ಕೆ ಬರುವುದರಿಂದ ದಾರಿಗೆ ಬೇರೆ ಎಡೆಯೇ ಇಲ್ಲ. ಆದಕಾರಣ ಹಳೆಯ ಕಾಲ್ದಾರಿಯೂ ಇಂದಿನ ಹೆದ್ದಾರಿಯೂ ಬಹಳ ದೂರ ಅಗಲಿರಲಾರವೆಂದು ಊಹಿಸಬಹುದು.

ಈ ಪಟ್ಟಿಯನ್ನು ಹೊಳೆಗಳು ಅಡ್ಡಲಾಗಿ ಕಡಿಯುತ್ತವೆ. ಭಟ್ಕಳದ ಉತ್ತರಕ್ಕೆ ವೆಂಕಟಾಪುರ ಹೊಳೆ, ಹೊನ್ನಾವರದ ಬಳಿ ಶರಾವತಿ, ಕುಮಟಾದ ಆಚೆ ಅಘನಾಶಿನಿ. ಇವುಗಳಲ್ಲಿ ಶರಾವತಿಯ ಅಳಿವೆಯೇ ದೊಡ್ಡದು. ೧೮೦೧ರಲ್ಲಿ ಈ ದಾರಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ನನು ಹೊನ್ನಾವರದ ಬಳಿಯ ನೀರನ್ನು ನಡುಗಡ್ಡೆಗಳುಳ್ಳ ವಿಶಾಲವಾದ ಸರೋವರವೆಂದೇ ವರ್ಣಿಸಿದ್ದಾನೆ. ಕೊಂಕಣ ರೈಲ್ವೆಗಾಗಿ ಈ ಅಳಿವೆಯ ಮೇಲೆ ಕಟ್ಟಿದ ಸೇತುವೆಯ ಉದ್ದ ಎರಡು ಕಿಲೋಮೀಟರನ್ನು ಮೀರುತ್ತದೆ. ಆ ಮಾರ್ಗದಲ್ಲೆಲ್ಲ ಅದೇ ಅತಿ ಉದ್ದದ್ದು. ಸೇತುವೆಗಳಿಲ್ಲದ ಕಾಲದಲ್ಲಿ ಎಂಥ ವೇಗದ ಕಾಲಾಳಾದರೂ ಕಾಸರಕೋಡಿನ ದಡದಲ್ಲಿ ನಿಂತು ದೋಣಿಯವನನ್ನು ಕೂಗಲೇಬೇಕಾಗಿದ್ದಿತು. ಈ ದಾರಿಯಲ್ಲಿ ಸುದ್ದಿಯ ವೇಗವನ್ನು ಗೊತ್ತುಮಾಡುತ್ತಿದ್ದುದು ಕಾಲು ಮಾತ್ರವಲ್ಲ, ಕಡವೂ ಹೌದು. ಆಷಾಢ ಶ್ರಾವಣಗಳ ಮಳೆಯಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಕಡವೇ ಮುಖ್ಯ, ಕಾಲು ಗೌಣ.

ಚಕ್ರದ ಗಾಡಿ ಈ ಪಟ್ಟಿಯಲ್ಲಿ ಬಹುಕಾಲ ವಿರಳವಾಗಿದ್ದಿತು. ಘಟ್ಟದ ಮೇಲಿನ ಸಾಗಾಟವನ್ನು ಹೇರೆತ್ತುಗಳು ನಡೆಸುತ್ತಿದ್ದವು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸನಾದ ಪಾಯೆಸನು, ಭಟ್ಕಳಕ್ಕೆ ವರ್ಷಂಪ್ರತಿ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದುವೆಂದು ಬರೆದಿದ್ದಾನೆ. ಕಡಲಂಚಿನ ದಾರಿಯಲ್ಲಿಯಾದರೋ ಭಾರವಾದ ಸರಕು ದೋಣಿಯಲ್ಲಿ ಹೋಗುತ್ತಿತ್ತು, ಹಗುರವಾದದ್ದು ಮನುಷ್ಯರ ತಲೆಯ ಮೇಲೆ. ಓಲೆ ಎಲ್ಲಕ್ಕಿಂತ ಹಗುರವಾದ ಸರಕು. ಅದು ಓಟಗಾರನ ಪಾಲಿನದು.

೩

ಕಾಲೋಟದ ಅಂಚೆಯನ್ನು ಕುರಿತು ನಮಗೆ ದೊರೆಯುವ ಹಳೆಯ ಸವಿವರ ವರ್ಣನೆಗಳಲ್ಲಿ ಇಬ್ನ್ ಬತೂತನದು ಪ್ರಸಿದ್ಧವಾದದ್ದು. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ರಾಜ್ಯದಲ್ಲಿ ಅಂಚೆ ಎರಡು ಬಗೆಯದಾಗಿತ್ತೆಂದು ಅವನು ಹೇಳುತ್ತಾನೆ: ಕುದುರೆಯದು ಒಂದು, ಕಾಲಾಳಿನದು ಒಂದು. ಕಾಲಾಳಿನ ಅಂಚೆಗೆ ಒಂದು ಮೈಲಿಯಲ್ಲಿ ಮೂರು ಕಟ್ಟೆಗಳು. ಪ್ರತಿಯೊಂದು ಕಟ್ಟೆಯಲ್ಲಿಯೂ ಸೊಂಟಕ್ಕೆ ಬಿಗಿದುಕೊಂಡ ಆಳುಗಳು ಸಿದ್ಧರಾಗಿ ಕುಳಿತಿರುತ್ತಾರೆ. ಓಡುವವನ ಒಂದು ಕೈಯಲ್ಲಿ ಓಲೆ, ಇನ್ನೊಂದರಲ್ಲಿ ಎರಡು ಮೊಳದ ಕೋಲು. ಕೋಲಿನ ತುದಿಗೆ ತಾಮ್ರದ ಗೆಜ್ಜೆಗಳು. ಗೆಜ್ಜೆಯ ಸದ್ದು ಕೇಳಿದೊಡನೆಯೆ ಮುಂದಿನ ಕಟ್ಟೆಯವನು ಎದ್ದು ನಿಲ್ಲುತ್ತಾನೆ, ಓಲೆಯನ್ನು ಕೈಗೆ ತೆಗೆದುಕೊಂಡು ಶಕ್ತಿಯಿದ್ದಷ್ಟೂ ವೇಗದಿಂದ ಓಡುತ್ತಾನೆ. ಈ ಅಂಚೆ ಕುದುರೆಯ ಅಂಚೆಗಿಂತ ವೇಗವಾದದ್ದೆಂದೂ, ಖುರಾಸಾನದ ಹಣ್ಣುಗಳನ್ನೂ, ನಲವತ್ತು ದಿನಗಳ ದೂರದಲ್ಲಿದ್ದ ದೌಲತಾಬಾದಿಗೆ ಗಂಗೆಯ ನೀರನ್ನೂ ಇದರ ಮೂಲಕವೇ ಒಯ್ಯುತ್ತಿದ್ದರೆಂದೂ ಅವನು ಬರೆದಿದ್ದಾನೆ. ಸಿಂಧಿನಿಂದ ದೆಹಲಿಗೆ ಐವತ್ತು ದಿನಗಳ ಪಯಣ. ಅಂಚೆಯ ಓಲೆಯಾದರೋ ಐದು ದಿನಗಳಲ್ಲಿ ತಲುಪುತ್ತಿತ್ತು.

ಇದನ್ನು ಹಾಗೆಯೇ ಎತ್ತಿ ನಮ್ಮ ಕರಾವಳಿಗೆ ಅನ್ವಯಿಸುವುದು ಸರಿಯಲ್ಲ. ಇದು ದೆಹಲಿಯ ರಾಜ್ಯದ ಮಾತು. ಬತೂತನು ಸುಮಾರು ೧೩೪೨ರಿಂದ ೧೩೪೪ರ ಅವಧಿಯಲ್ಲಿ ಈ ಕಡಲಂಚಿಗೆ ಬಂದಾಗ, ಹೊನ್ನಾವರದಲ್ಲಿ ಜಮಾಲುದ್ದೀನನೆಂಬ ದೊರೆ ಆಳುತ್ತಿದ್ದನು. ಅವನು ಹರ್ಯಬನೆಂಬ ಹಿಂದೂ ಅರಸನಿಗೆ ಅಧೀನನಾಗಿದ್ದನೆಂದು ಬತೂತನೇ ಹೇಳುತ್ತಾನೆ. ಈ ಹರ್ಯಬನು ವಿಜಯನಗರದ ಹರಿಹರನೆಂದು ಗ್ರಹಿಸುವುದು ವಾಡಿಕೆ. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ ಇಪ್ಪತ್ತಮೂರು, ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿದ್ದುದನ್ನು ಅವನು ಮೆಚ್ಚಿ ಬರೆದಿದ್ದಾನೆ. ಗೆಜ್ಜೆಯ ಓಟಗಾರರ ಮಾತನ್ನು ಮಾತ್ರ ಅಲ್ಲಿ ಎತ್ತುವುದಿಲ್ಲ.

ಆದರೆ ಕರಾವಳಿಯ ದಾರಿಯನ್ನು ಕುರಿತು ಅವನ ಇನ್ನೊಂದು ವರ್ಣನೆಯುಂಟು. ಸಂದಾಪುರ ಎಂದರೆ ಗೋವೆಯಿಂದ ಕೊಲ್ಲಂವರೆಗೆ ಎರಡು ತಿಂಗಳ ದಾರಿ. ದಾರಿಯುದ್ದಕ್ಕೂ ಮರಗಳ ನೆರಳು. ಅರ್ಧ ಮೈಲಿಗೊಂದರಂತೆ ಮರದ ಮನೆ. ಅದರಲ್ಲಿ ಎಲ್ಲ ಮತದ ದಾರಿಗರೂ ಕೂರುವುದಕ್ಕೆ ಜಗಲಿಗಳು, ಬದಿಗೆ ಬಾವಿ, ನೀರು ಕೊಡುವುದಕ್ಕೆ ಒಬ್ಬ ಆಳು. ಈ ನಾಡಿನಲ್ಲಿ ಯಾರೂ ಪ್ರಾಣಿಗಳ ಮೇಲೆ ಸವಾರಿ ಮಾಡುವುದಿಲ್ಲ, ಸರಕನ್ನೆಲ್ಲ ಮನುಷ್ಯರೇ ಹೊರುತ್ತಾರೆ ಎಂದೂ ಅವನು ಹೇಳುತ್ತಾನೆ. ಇಲ್ಲಿ ಒಂದು ತೊಡಕುಂಟು. ಗಡಿಯನ್ನು ಹೇಳುವಾಗ ಗೋವೆಯಿಂದಲೇ ಮಲಬಾರು ಆರಂಭವಾಗುವುದೆಂದು ಬರೆದವನು, ಪ್ರಯಾಣವನ್ನು ವರ್ಣಿಸುವಾಗ ಮಲಬಾರಿನಲ್ಲಿ ತಾನು ಹೊಕ್ಕ ಮೊದಲ ಊರು ಅಬೂ ಸರೂರ್, ಎಂದರೆ ಬಸರೂರು, ಎನ್ನುತ್ತಾನೆ. ಮೊದಲ ಹೇಳಿಕೆಯ ಪ್ರಕಾರ ಹೊನ್ನಾವರವೂ ಭಟ್ಕಳವೂ ಆ ನೆರಳಿನ ದಾರಿಯೊಳಗೆ ಬರುತ್ತವೆ, ಎರಡನೆಯದರ ಪ್ರಕಾರ ಹೊರಗುಳಿಯುತ್ತವೆ. ಎರಡನ್ನೂ ಹೊಂದಿಸಿ ನೋಡಿದರೆ, ಬಸರೂರಿನ ದಕ್ಷಿಣಕ್ಕೆ ಸಂಪೂರ್ಣವಾಗಿದ್ದ ವ್ಯವಸ್ಥೆಯನ್ನು ಅವನು ಉತ್ತರಕ್ಕೂ ವಿಸ್ತರಿಸಿ ಹೇಳಿರುವಂತೆ ನಮಗೆ ತೋರುತ್ತದೆ. ಹೇಗೂ ಒಂದು ಮಾತು ಸ್ಪಷ್ಟ: ಹದಿನಾಲ್ಕನೆಯ ಶತಮಾನದಲ್ಲಿ ಈ ಕಡಲಂಚು ಕಾಲ್ನಡಿಗೆಯ ನಾಡು. ಇಲ್ಲಿ ದೂರವನ್ನು ಅಳೆಯುತ್ತಿದ್ದುದು ಮನುಷ್ಯನ ಉಸಿರಿನಿಂದ.

೪

ಓಲೆಯ ಓಟಕ್ಕೆ ಕನ್ನಡದಲ್ಲಿ ಹಲವು ಹೆಸರುಗಳುಂಟು. ಓಲೆಕಾರ ಎಂಬುದು ಅಚ್ಚಗನ್ನಡ. ಹರಕಾರ ಎಂಬುದು ಪಾರಸಿಯಿಂದ ಬಂದದ್ದು. ಎಲ್ಲ ಕೆಲಸದವನು ಎಂದು ಅದರ ಮೂಲಾರ್ಥ. ಅಂಚೆ ಎಂಬ ಮಾತು ಹೆಚ್ಚು ಚರ್ಚೆಗೆ ಆಸ್ಪದ ಕೊಡುವಂಥದು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ, ಅದು ಹಂಸ ಶಬ್ದದ ತದ್ಭವ. ನಳನ ಓಲೆಯನ್ನು ದಮಯಂತಿಗೆ ಒಯ್ದ ಹಕ್ಕಿಯನ್ನು ನೆನೆದು ಟಪಾಲಿಗೂ ಆ ಹೆಸರಾಯಿತೆಂದು ಹೇಳುವವರುಂಟು. ವಿವರಣೆ ರಮ್ಯವಾಗಿದೆ. ಆದರೆ ತಮಿಳು ಮಲಯಾಳಗಳ ಅಂಜಲ್, ಅಂಚಲ್ ಎಂಬ ರೂಪಗಳನ್ನು ಕಡೆಗಣಿಸಲಾಗದು. ತಿರುವಾಂಕೂರಿನಲ್ಲಿ ಅಂಚಲ್ ಎಂಬ ಹೆಸರಿನ ಸಂಸ್ಥಾನದ ಟಪಾಲು ೧೯೫೧ರವರೆಗೂ ಇದ್ದಿತು. ಅದರ ಓಟಗಾರನ ಕೈಯಲ್ಲಿಯೂ ಗೆಜ್ಜೆಯ ಕೋಲಿದ್ದಿತು. ಹಕ್ಕಿಯ ಹೆಸರಿಗಿಂತ ತಂಗುವ ಕಟ್ಟೆಯ ಹೆಸರೇ ಈ ಶಬ್ದದ ಮೂಲದಲ್ಲಿರುವುದು ಹೆಚ್ಚು ಸಂಭವನೀಯ. ಉತ್ತರ ಕನ್ನಡದ ಹಳಬರಾದರೋ ಅಂಚೆ ಎನ್ನುವುದಿಲ್ಲ, ಟಪಾಲು ಎನ್ನುತ್ತಾರೆ. ಮುಂಬಯಿ ಆಧಿಪತ್ಯದ ಆಡಳಿತದಿಂದ ಉಳಿದ ಗುರುತುಗಳಲ್ಲಿ ಈ ಮಾತೂ ಒಂದು.

ಮೈಸೂರಿನಲ್ಲಿ ಅಂಚೆಯನ್ನು ವ್ಯವಸ್ಥೆಗೊಳಿಸಿದ ಕೀರ್ತಿ ಚಿಕ್ಕದೇವರಾಜ ಒಡೆಯರದು (೧೬೭೩–೧೭೦೪). ಅವರ ಅಠಾರಾ ಕಚೇರಿಯಲ್ಲಿ ಅಂಚೆಯ ಚಾವಡಿಯೂ ಒಂದು. ಓಲೆಯನ್ನು ಒಯ್ಯುವುದರ ಜೊತೆಗೆ ನಾಡಿನ ಗುಟ್ಟನ್ನು ತಿಳಿದು ಅರಮನೆಗೆ ಮುಟ್ಟಿಸುವುದೂ ಅಂಚೆಯವರ ಕೆಲಸವಾಗಿತ್ತೆಂದು ವಿಲ್ಕ್ಸನು ಬರೆದಿದ್ದಾನೆ. ೧೭೬೩ರಲ್ಲಿ ಹೈದರನು ಬಿದನೂರನ್ನು ಗೆದ್ದ ಮೇಲೆ ಹೊನ್ನಾವರ ಭಟ್ಕಳಗಳು ಮೈಸೂರಿಗೆ ಸೇರಿದವು. ೧೭೯೯ರಲ್ಲಿ ಕೆನರಾ ಕಂಪನಿಯ ವಶವಾಯಿತು. ೧೮೬೨ರಲ್ಲಿ ಜಿಲ್ಲೆಯ ಉತ್ತರ ಭಾಗವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದರು. ಧಾರವಾಡದ ಕಡೆಯ ಹತ್ತಿ ಘಟ್ಟವಿಳಿದು ಕಡಲಿಗೆ ಬರುವ ದಾರಿ ಒಂದೇ ಆಡಳಿತದಲ್ಲಿರಬೇಕೆಂಬ ವರ್ತಕರ ಒತ್ತಾಯ ಇದಕ್ಕೆ ಮುಖ್ಯ ಕಾರಣ. ಆ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು. ಅಂದಿನಿಂದ ೧೯೫೬ರವರೆಗೆ ಭಟ್ಕಳದ ದಕ್ಷಿಣದ ಗಡಿ ಎರಡು ಪ್ರಾಂತಗಳ ಗಡಿಯಾಗಿದ್ದಿತು. ಭಟ್ಕಳದಿಂದ ಕುಂದಾಪುರಕ್ಕೆ ಹೋಗುವ ಕಾಗದ ಹೊಳೆಗಳನ್ನಷ್ಟೇ ಅಲ್ಲದೆ ಒಂದು ಪ್ರಾಂತದಿಂದ ಇನ್ನೊಂದು ಪ್ರಾಂತಕ್ಕೂ ದಾಟಬೇಕಾಗಿತ್ತು.

ಕಂಪನಿಯ ಕಾಲದಲ್ಲಿ ಹರಕಾರನ ಓಟ ಬಹು ದೊಡ್ಡ ವ್ಯವಸ್ಥೆಯಾಗಿ ಬೆಳೆಯಿತು. ೧೮೩೭ರ ಮತ್ತು ೧೮೫೪ರ ಟಪಾಲು ಕಾನೂನುಗಳು ಅದಕ್ಕೆ ಭದ್ರವಾದ ರೂಪ ಕೊಟ್ಟವು. ೧೮೫೪ರಲ್ಲಿ ಅರ್ಧ ಆಣೆಯ ಚೀಟಿ ಅಂಟಿಸಿದರೆ ಕಾಗದ ದೇಶದ ಯಾವ ಮೂಲೆಗಾದರೂ ಹೋಗುವ ಅನುಕೂಲ ಉಂಟಾಯಿತು. ಮೈಸೂರಿನ ಅಂಚೆ ೧೮೮೯ರಲ್ಲಿ ಈ ಟಪಾಲಿನಲ್ಲಿ ಲೀನವಾಯಿತು. ಅರ್ಧ ಆಣೆಯ ಚೀಟಿಯ ಹಿಂದೆ ಎಷ್ಟು ಕಾಲುಗಳಿದ್ದವೆಂಬುದನ್ನು ನಾವು ಮರೆಯಬಾರದು. ರಾತ್ರಿಯ ಕಾಡುದಾರಿಯಲ್ಲಿ ಹರಕಾರನ ಮುಂದೆ ಪಂಜಿನವನೂ ತಮಟೆಯವನೂ ಓಡುತ್ತಿದ್ದರು. ಗೆಜ್ಜೆಯ ಭರ್ಜಿ ಕಾಡುಮೃಗಗಳನ್ನು ದೂರವಿಡುತ್ತಿತ್ತು. ಮುಂದಿನ ಕಟ್ಟೆಯವನನ್ನು ಎಚ್ಚರಿಸುತ್ತಿತ್ತು. ಬತೂತನು ಕಂಡ ಕೋಲೂ ಕಂಪನಿಯ ಹರಕಾರನ ಭರ್ಜಿಯೂ ಐದು ಶತಮಾನಗಳ ಅಂತರದಲ್ಲಿ ಒಂದೇ ಕೆಲಸವನ್ನು ಮಾಡಿದುವೆಂಬುದು ಗಮನಾರ್ಹ.

೧೯೩೭ರಲ್ಲಿ ಹೊರಟ ಆರನೆಯ ಜಾರ್ಜ್ ದೊರೆಯ ಅಂಚೆಚೀಟಿಗಳ ಮಾಲೆಯಲ್ಲಿ ಎರಡಾಣೆಯ ಚೀಟಿಯ ಮೇಲೆ ಟಪಾಲಿನ ಓಟಗಾರನ ಚಿತ್ರವಿದ್ದಿತು. ಅದೇ ಮಾಲೆಯಲ್ಲಿ ಎತ್ತಿನ ಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಮೋಟಾರು, ವಿಮಾನಗಳು ಕ್ರಮವಾಗಿ ಏರುವ ಬೆಲೆಯ ಚೀಟಿಗಳಲ್ಲಿ ಬಂದವು. ಮನುಷ್ಯನು ಎಲ್ಲಕ್ಕಿಂತ ಅಗ್ಗದ ವಾಹನವಾಗಿ ಸಾಲಿನ ಮೊದಲಲ್ಲಿ ನಿಂತಿದ್ದಾನೆ. ಚೀಟಿಯಲ್ಲಿ ಚಿತ್ರವುಂಟು, ಹೆಸರಿಲ್ಲ. ಬತೂತನೂ ಓಟಗಾರನ ಗೆಜ್ಜೆಯನ್ನು ವರ್ಣಿಸಿದನಲ್ಲದೆ ಒಬ್ಬನ ಹೆಸರನ್ನಾದರೂ ಹೇಳಲಿಲ್ಲ.

೫

ಈಗ ನಮ್ಮ ಓಟದ ವಿಷಯಕ್ಕೆ ಬರೋಣ. ಬೆಳಗಿನ ಆರು ಗಂಟೆಗೆ ಶರಾವತಿಯ ದಕ್ಷಿಣ ದಡದ ಕಡಲಂಚಿನ ದಾರಿಯಲ್ಲಿ ನೂರಾರು ಮಂದಿ ಸೇರಿದ್ದರು. ಶಾಲೆಯ ಹುಡುಗರು, ಪೋಲೀಸಿನವರು, ಬ್ಯಾಂಕಿನ ನೌಕರರು, ಮೀನುಗಾರರ ಕೇರಿಯ ತರುಣರು, ಕೆಲವರು ಗೃಹಿಣಿಯರು. ಎಲ್ಲರ ಎದೆಗೂ ಒಂದೊಂದು ಸಂಖ್ಯೆಯ ಕಾಗದ. ನಾವು ನಮ್ಮ ಕಾಗದವನ್ನು ತಲೆಕೆಳಗಾಗಿ ಚುಚ್ಚಿಕೊಂಡಿದ್ದೆವು. ಪಕ್ಕದಲ್ಲಿದ್ದ ಹನ್ನೆರಡು ವರ್ಷದ ಬಾಲಕನೊಬ್ಬನು ಅದನ್ನು ಬಿಚ್ಚಿ ಸರಿಪಡಿಸಿಕೊಟ್ಟನು.

ಓಟ ಆರಂಭವಾದೊಡನೆ ನಾವು ಎಲ್ಲ ಹೊಸಬರೂ ಮಾಡುವ ತಪ್ಪನ್ನೇ ಮಾಡಿದೆವು. ಸುತ್ತಲಿನವರ ವೇಗವನ್ನೇ ನಮ್ಮದೆಂದು ಭ್ರಮಿಸಿದೆವು. ಮೊದಲ ಆರುನೂರೈವತ್ತು ಮೀಟರುಗಳನ್ನು ಸುಮಾರು ಮೂರೂವರೆ ನಿಮಿಷಗಳಲ್ಲಿ ಕ್ರಮಿಸಿದೆವೆಂದು ಕೈಗಡಿಯಾರದಿಂದ ಆಮೇಲೆ ತಿಳಿಯಿತು. ಅಲ್ಲಿಗೆ ಉಸಿರು ಮುಗಿಯಿತು. ಕರಾವಳಿಯ ಗಾಳಿಯಲ್ಲಿ ನೀರಿನಂಶ ಹೆಚ್ಚು. ಬೆವರು ಹರಿಯುವುದೇ ಹೊರತು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಉಳಿದ ದಾರಿಯನ್ನು ಕೆಲವೆಡೆ ಓಡಿ, ಹಲವೆಡೆ ನಡೆದು, ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಮುಗಿಸಿದೆವು.

ಮನೆಗೆ ಬಂದು ಬತೂತನ ಪುಟವನ್ನು ಮತ್ತೆ ತೆರೆದಾಗ ಲೆಕ್ಕ ನಮ್ಮನ್ನು ಬೆರಗುಗೊಳಿಸಿತು. ಅವನ ಕಾಲದ ಅರಬ್ಬೀ ಮೈಲಿ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅದರ ಮೂರನೆಯ ಒಂದು ಭಾಗ ಸುಮಾರು ಆರುನೂರೈವತ್ತು ಮೀಟರು. ನಮ್ಮ ಉಸಿರು ಮುಗಿದ ಸ್ಥಳದಲ್ಲಿಯೇ ಅವನ ಕಟ್ಟೆ ಇದ್ದಿತು. ಇನ್ನು ವೇಗವನ್ನು ನೋಡಿರಿ. ಐವತ್ತು ದಿನಗಳ ಪಯಣವನ್ನು ಓಲೆ ಐದು ದಿನಗಳಲ್ಲಿ ಮುಗಿಸುತ್ತಿದ್ದರೆ ಅದರ ವೇಗ ನಡಿಗೆಯ ದಿನಗತಿಯ ಹತ್ತರಷ್ಟು. ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಕಿಲೋಮೀಟರು ನಡೆಯುವ ದಾರಿಗನನ್ನು ಇಟ್ಟುಕೊಂಡರೆ, ಓಲೆ ಅಹೋರಾತ್ರಿಯಲ್ಲಿ ಇನ್ನೂರೈವತ್ತರಿಂದ ಮುನ್ನೂರು ಕಿಲೋಮೀಟರು, ಎಂದರೆ ಗಂಟೆಗೆ ಹತ್ತರಿಂದ ಹನ್ನೆರಡೂವರೆ ಕಿಲೋಮೀಟರು ಸಾಗಬೇಕು. ನಮ್ಮ ಮೊದಲ ಮೂರೂವರೆ ನಿಮಿಷಗಳ ವೇಗ ಗಂಟೆಗೆ ಸುಮಾರು ಹನ್ನೊಂದು ಕಿಲೋಮೀಟರು. ಇಡೀ ಓಟದ ಸರಾಸರಿ ಏಳೂವರೆ. ತರಬೇತಿಯಿಲ್ಲದ, ನಡುವಯಸ್ಸನ್ನು ಮೀರಿದ ಶರೀರವೂ ಮೂರನೆಯ ಒಂದು ಮೈಲಿಯ ಮಟ್ಟಿಗೆ ಸುಲ್ತಾನನ ಓಲೆಯ ವೇಗದಲ್ಲಿ ಹೋಗಬಲ್ಲದು. ಅದಕ್ಕಿಂತ ಮುಂದಕ್ಕೆ ಹೋಗಲಾರದು.

ಇದರಿಂದ ನಾವು ಗ್ರಹಿಸುವುದೇನೆಂದರೆ, ಬತೂತನ ಹೇಳಿಕೆ ಉತ್ಪ್ರೇಕ್ಷೆಯಲ್ಲ. ಆ ವ್ಯವಸ್ಥೆ ಅಸಾಧಾರಣ ಓಟಗಾರರನ್ನು ಬೇಡುವಂಥದಾಗಿರಲಿಲ್ಲ. ಸಾಧಾರಣ ಆಳುಗಳನ್ನು ಅಸಾಧಾರಣ ಸಂಖ್ಯೆಯಲ್ಲಿ ಬೇಡುವಂಥದಾಗಿತ್ತು. ನಾವು ಒಬ್ಬರೇ ಓಡಿದ ಹತ್ತು ಕಿಲೋಮೀಟರಿಗೆ ಅಲ್ಲಿ ಸುಮಾರು ಹದಿನೈದು ಮಂದಿ ಬೇಕು; ಹಗಲಿರುಳು ಕಾಯುವುದಕ್ಕೆ ಅದರ ಹಲವು ಪಾಲು. ಕುದುರೆಗಿಂತ ಮನುಷ್ಯನು ವೇಗವಾಗಿದ್ದುದು ಅವನ ಕಾಲಿನ ಬಲದಿಂದಲ್ಲ, ಅವನು ಅಗ್ಗವಾಗಿದ್ದುದರಿಂದ. ಸುಲ್ತಾನನ ತಟ್ಟೆಯ ಖುರಾಸಾನದ ಹಣ್ಣು ತಾಜಾ ಆಗಿರುವುದಕ್ಕೆ ದಾರಿಯುದ್ದಕ್ಕೂ ಊರೂರಿನ ಆಳುಗಳು ಸೊಂಟ ಕಟ್ಟಿಕೊಂಡು ಕಾಯಬೇಕಾಗಿತ್ತು. ನಾವು ಮೊದಲು ಆ ಪುಟವನ್ನು ಓದಿದಾಗ ಹಣ್ಣನ್ನು ಕಂಡಿದ್ದೆವು, ಆಳುಗಳನ್ನು ಕಂಡಿರಲಿಲ್ಲ.

ಶರೀರದ ಅನುಭವವನ್ನು ಇತಿಹಾಸದ ಸಾಧನವಾಗಿ ಬಳಸುವುದರಲ್ಲಿ ಅಪಾಯವಿಲ್ಲದೆ ಇಲ್ಲ. ೧೯೪೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕಾಲಿಂಗ್‌ವುಡ್ಡನು ಇತಿಹಾಸಕಾರನು ಗತಕಾಲದವರ ವಿಚಾರವನ್ನು ತನ್ನ ಮನಸ್ಸಿನಲ್ಲಿ ಮತ್ತೆ ನಡೆಸಿ ನೋಡಬೇಕೆಂದು ವಾದಿಸಿದನು. ಕಾಲುಗಳಿಗೂ ಅದು ಅನ್ವಯಿಸುವುದೆಂದು ಅವನು ಹೇಳಲಿಲ್ಲ. ನಮ್ಮ ಕಾಲು ಹದಿನಾಲ್ಕನೆಯ ಶತಮಾನದ ಕಾಲಲ್ಲ. ನಮಗೆ ಪಾದರಕ್ಷೆಯುಂಟು, ಟಾರಿನ ರಸ್ತೆಯುಂಟು, ಎರಡು ಕಿಲೋಮೀಟರಿಗೊಮ್ಮೆ ನೀರಿನ ಮೇಜುಂಟು. ಒಂದು ಹೇಳಿಕೆ ನಿಜವಾಗಿ ನಡೆಯಿತೆಂದು ಓಟದಿಂದ ಸಿದ್ಧವಾಗದು. ಅದು ನಡೆಯಬಲ್ಲುದೆ ಎಂಬುದನ್ನು ಮಾತ್ರ ಪರೀಕ್ಷಿಸಬಹುದು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಸೇರಿಸುತ್ತೇವೆ. ಏಳನೆಯ ಕಿಲೋಮೀಟರಿನ ಸುಮಾರಿಗೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹಿಂದಿನಿಂದ ಬಂದು, ನಮ್ಮನ್ನು ದಾಟಿ, ಮುಂದೆ ಹೋದಳು. ಅವಳ ಎದೆಗೆ ಸಂಖ್ಯೆ ಇರಲಿಲ್ಲ. ಅವಳು ಓಟದಲ್ಲಿ ಸೇರಿದವಳಲ್ಲ; ಮೀನು ಕೆಡುವುದರೊಳಗೆ ಪೇಟೆ ಸೇರಬೇಕಾದವಳು. ನಡಿಗೆಗೂ ಓಟಕ್ಕೂ ನಡುವಿನ ಆ ಗತಿ ಈ ಕರಾವಳಿಯ ಮೀನುಗಾರ ಹೆಂಗಸರಿಗೆ ತಲೆಮಾರುಗಳಿಂದ ಬಂದದ್ದು. ಓಟದ ಇತಿಹಾಸವನ್ನು ಗಂಡಸರ ಇತಿಹಾಸವೆಂದು ಬರೆಯಹೊರಟಿದ್ದ ನಮಗೆ ಅದೊಂದು ತಿದ್ದುಪಡಿ.

೬

ರಸ್ತೆಯ ಓಟವೆಂಬುದು ಪಾಶ್ಚಾತ್ಯರಿಂದ ಬಂದ ಹೊಸ ಹವ್ಯಾಸ, ನಮ್ಮ ನೆಲದಲ್ಲಿ ಅದಕ್ಕೆ ಬೇರಿಲ್ಲ ಎಂಬ ಆಕ್ಷೇಪಣೆಯನ್ನು ಕೇಳಿದ್ದೇವೆ. ಇದರಲ್ಲಿ ಅರ್ಧ ಸತ್ಯವುಂಟು. ಆದರೆ ಮ್ಯಾರಥಾನಿನ ಮೂಲವೇ ಒಬ್ಬ ಓಲೆಕಾರನ ಕಥೆ. ಕ್ರಿಸ್ತಪೂರ್ವ ೪೯೦ರಲ್ಲಿ ಪರ್ಷಿಯನ್ನರು ಇಳಿದಾಗ ಅಥೆನ್ಸಿನವರು ಸ್ಪಾರ್ಟದ ನೆರವನ್ನು ಕೇಳುವುದಕ್ಕೆ ಫಿಲಿಪ್ಪಿಡಿಸನೆಂಬವನನ್ನು ಕಳುಹಿಸಿದರು. ಹೆರೊಡೋಟಸನು ಅವನನ್ನು ಹಗಲೋಟಗಾರನೆಂದು ಕರೆದಿದ್ದಾನೆ. ಅದು ಅವನ ವೃತ್ತಿಯಾಗಿತ್ತೆಂದೂ ಸ್ಪಷ್ಟವಾಗಿ ಹೇಳಿದ್ದಾನೆ. ಅವನು ಮರುದಿನವೇ ಸ್ಪಾರ್ಟವನ್ನು ಸೇರಿದನು. ಯುದ್ಧದ ಗೆಲುವನ್ನು ಅಥೆನ್ಸಿಗೆ ತಿಳಿಸಿ ಓಟಗಾರನು ಪ್ರಾಣಬಿಟ್ಟ ಕಥೆ ಹೆರೊಡೋಟಸನಲ್ಲಿಲ್ಲ. ಅದು ಶತಮಾನಗಳ ತರುವಾಯ ಪ್ಲೂಟಾರ್ಕನಲ್ಲಿಯೂ ಲೂಸಿಯನ್ನನಲ್ಲಿಯೂ ಕಾಣುತ್ತದೆ. ಫ್ರೆಂಚ್ ವಿದ್ವಾಂಸನಾದ ಮಿಶೆಲ್ ಬ್ರೆಯಾಲನ ಸಲಹೆಯಿಂದ ೧೮೯೬ರ ಅಥೆನ್ಸಿನ ಒಲಿಂಪಿಕ್ ಕ್ರೀಡೆಯಲ್ಲಿ ಈ ಓಟ ಸೇರಿತು. ಸ್ಪಿರಿಡಾನ್ ಲೂಯಿಸ್ ಎಂಬ ಗ್ರೀಕನು ಗೆದ್ದನು. ಇಂದಿನ ೪೨.೧೯೫ ಕಿಲೋಮೀಟರುಗಳ ದೂರ ೧೯೦೮ರ ಲಂಡನ್ನಿನ ಓಟದ್ದು. ೧೯೨೧ರಲ್ಲಿ ಅದು ನಿಯಮವಾಯಿತು. ಭಟ್ಕಳದಿಂದ ಹೊನ್ನಾವರದವರೆಗಿನ ದೂರವೂ ಅದಕ್ಕೆ ಬಹು ಸಮೀಪವಾಗಿರುವುದು ಕೇವಲ ಆಕಸ್ಮಿಕ. ಆದರೂ ಒಂದು ಪಟ್ಟಣದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ದೂರ ಎಂಬ ಅರ್ಥದಲ್ಲಿ ಎರಡೂ ಒಂದೇ ಜಾತಿಗೆ ಸೇರಿದವು.

ನಮ್ಮ ನಾಡಿನವನೊಬ್ಬನು ಈ ಓಟದಲ್ಲಿ ಹೆಸರು ಪಡೆದ ಪ್ರಸಂಗ ಇಲ್ಲಿ ಸ್ಮರಣೀಯ. ಉತ್ತರ ಕನ್ನಡವೂ ಬೆಳಗಾವಿಯೂ ಒಂದೇ ಮುಂಬಯಿ ಆಧಿಪತ್ಯದಲ್ಲಿದ್ದ ಕಾಲ. ೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮಖಾನದ ಕ್ರೀಡೆಗಳನ್ನು ನೋಡಿದ ಸರ್ ದೊರಾಬ್ಜಿ ತಾತಾ ಅವರು, ಬೇಸಾಯಗಾರರ ಮನೆಗಳಿಂದ ಬಂದ ತರುಣರು ಬರಿಗಾಲಿನಲ್ಲಿ, ಯಾವ ಶಿಕ್ಷಣವೂ ಇಲ್ಲದೆ, ದೂರದ ಓಟಗಳಲ್ಲಿ ತೋರಿದ ಸಾಮರ್ಥ್ಯವನ್ನು ಕಂಡು ಬೆರಗಾದರು. ಅದರ ಫಲವಾಗಿ ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಕಿಗೆ ಹಿಂದೂಸ್ಥಾನದ ಚಿಕ್ಕ ತಂಡವೊಂದು ಹೋಯಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯೂ ಒಬ್ಬ. ಆಗ ಅವನಿಗೆ ಹದಿನೆಂಟು ವರ್ಷ. ಆ ವರ್ಷದ ಮ್ಯಾರಥಾನು ೪೨.೭೫ ಕಿಲೋಮೀಟರುಗಳದು, ಒಲಿಂಪಿಕ್ ಮ್ಯಾರಥಾನುಗಳಲ್ಲೆಲ್ಲ ಅತಿ ಉದ್ದವಾದದ್ದು. ಫಿನ್ಲೆಂಡಿನ ಹಾನ್ನೆಸ್ ಕೊಲೆಮೈನೆನ್ ೨ ಗಂಟೆ ೩೨ ನಿಮಿಷ ೩೫ ಸೆಕೆಂಡುಗಳಲ್ಲಿ ಗೆದ್ದನು. ಚೌಗುಲೆ ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವನಾದನು. ಗಂಟೆಗೆ ಹದಿನೈದು ಕಿಲೋಮೀಟರು. ಸುಲ್ತಾನನ ಓಲೆಗಿಂತ ವೇಗ, ಅದೂ ಕಟ್ಟೆಗಳಿಲ್ಲದೆ, ಒಬ್ಬನೇ.

ಹತ್ತೊಂಬತ್ತನೆಯ ಸ್ಥಾನಕ್ಕೆ ಪದಕವಿಲ್ಲ. ಆದರೆ ಇತಿಹಾಸದ ದೃಷ್ಟಿಯಿಂದ ಮುಖ್ಯವಾದದ್ದು ಸ್ಥಾನವಲ್ಲ, ದಾಖಲೆ. ದೂರದ ಊರಿನಲ್ಲಿ, ಪರಿಚಯವಿಲ್ಲದ ರಸ್ತೆಯಲ್ಲಿ, ಜಗತ್ತಿನ ಓಟಗಾರರ ನಡುವೆ ಹೊಸಬನಾಗಿ ನಿಂತ ಈ ಹುಡುಗನ ಹೆಸರೂ ಕಾಲವೂ ಬರೆದಿಡಲ್ಪಟ್ಟವು. ಅವನಿಗಿಂತ ಮೊದಲು ನಮ್ಮ ದಾರಿಗಳಲ್ಲಿ ಓಡಿದ ಎಷ್ಟೋ ಕಾಲುಗಳಿಗೆ ಆ ಭಾಗ್ಯವಿರಲಿಲ್ಲ. ಹೆಂಗಸರು ಒಲಿಂಪಿಕ್ ಮ್ಯಾರಥಾನಿಗೆ ೧೯೮೪ರವರೆಗೆ ಕಾಯಬೇಕಾಯಿತು. ಮುಂಬಯಿಯಲ್ಲಿ ೨೦೦೪ರಿಂದ, ಬೆಂಗಳೂರಿನಲ್ಲಿ ೨೦೦೮ರಿಂದ ದೊಡ್ಡ ರಸ್ತೆ ಓಟಗಳು ಆರಂಭವಾದ ಮೇಲೆ ಚಿಕ್ಕ ಪಟ್ಟಣಗಳಿಗೂ ಈ ರೂಢಿ ಹರಡಿತು. ಇವುಗಳಲ್ಲಿ ಸೇರುವವರಲ್ಲಿ ಗೆಲ್ಲುವ ಆಸೆಯುಳ್ಳವರು ಕೆಲವರೇ.

೭

ಹಾಗಾದರೆ ಓಲೆಯ ಓಟಕ್ಕೂ ಊರ ಓಟಕ್ಕೂ ಇರುವ ಸಂಬಂಧವೇನು? ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಹೇಳುವ ಇಚ್ಛೆಯೂ ನಮಗಿಲ್ಲ. ಎರಡಕ್ಕೂ ಒಂದೇ ದಾರಿ, ಒಂದೇ ಉಸಿರು. ಭೇದವಿರುವುದು ಬೇರೆ ಎಡೆಯಲ್ಲಿ. ಹರಕಾರನು ಇತರರ ಮಾತನ್ನು ಹೊತ್ತು ಓಡಿದನು. ತಡವಾದರೆ ಮಾತ್ರ ಅವನನ್ನು ಕೇಳುವವರಿದ್ದರು. ಊರ 
ಓಟದಲ್ಲಿ ಓಡುವವನ ಕೈ ಬರಿದು. ಅವನು ತಡವಾದರೂ ಯಾರ ಕೆಲಸವೂ ಕೆಡದು. ಆದರೂ ಗೆರೆಯನ್ನು ದಾಟಿದ ಕೊನೆಯವನ ಹೆಸರನ್ನೂ ಕಾಲವನ್ನೂ ಬರೆದುಕೊಳ್ಳುವ ಒಬ್ಬ ಕರಣಿಕನು ಅಲ್ಲಿ ಕುಳಿತಿರುತ್ತಾನೆ.

ನಾವು ಗೆರೆಯನ್ನು ದಾಟಿದಾಗ ಬಿಸಿಲೇರಿತ್ತು. ನಮ್ಮ ಹಿಂದೆ ಇನ್ನು ಏಳೆಂಟು ಮಂದಿ ಮಾತ್ರ ಉಳಿದಿದ್ದರು. ಸಂಖ್ಯೆಯನ್ನು ತಿರುಗಿಸಿ ಚುಚ್ಚಿಕೊಟ್ಟಿದ್ದ ಬಾಲಕನು ಯಾವಾಗಲೋ ಮುಗಿಸಿ, ಎಳನೀರು ಕುಡಿಯುತ್ತ, ಬರುವವರಿಗೆಲ್ಲ ಚಪ್ಪಾಳೆ ತಟ್ಟುತ್ತಿದ್ದನು. ಮೇಜಿನ ಹಿಂದಿದ್ದವರು ನಮ್ಮ ಹೆಸರನ್ನು ಕೇಳಿದರು. ದಣಿವಿನಿಂದ ತಕ್ಷಣ ಹೇಳಲಾಗಲಿಲ್ಲ. ಎದೆಯ ಸಂಖ್ಯೆಯನ್ನು ನೋಡಿ ಅವರೇ ಬರೆದುಕೊಂಡರು.

ಕರಾವಳಿಯ ಇತಿಹಾಸವನ್ನು ಮುಂದೆ ಬರೆಯುವವರು ಬಂದರುಗಳ ಲೆಕ್ಕದ ಜೊತೆಗೆ ಕಡವಿನ ದೋಣಿಯವರ, ಹೇರು ಹೊತ್ತವರ, ಟಪಾಲಿನ ಓಟಗಾರರ, ಮೀನಿನ ಬುಟ್ಟಿಯ ಹೆಂಗಸರ ಲೆಕ್ಕವನ್ನೂ ತೆಗೆಯಬೇಕೆಂಬುದು ನಮ್ಮ ಸವಿನಯ ಸೂಚನೆ. ಹಳ್ಳಿಯ ಟಪಾಲು ಮನೆಗಳಲ್ಲಿ ಕೆಲಸ ಮಾಡಿದ ಹಿರಿಯರು, ಸೇತುವೆಗಳ ಮೊದಲಿನ ಕಾಲವನ್ನು ಬಲ್ಲವರು, ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರ ನೆನಪುಗಳನ್ನು ಹೆಸರು ಸಮೇತ ಬರೆದಿಟ್ಟುಕೊಳ್ಳುವ ಕೆಲಸವನ್ನು ವಿದ್ಯಾರ್ಥಿಗಳು ಕೈಗೊಳ್ಳಬಹುದು. ಆ ಕೆಲಸಕ್ಕೆ ತಾಳ್ಮೆಯೂ ನಡೆಯಬಲ್ಲ ಎರಡು ಕಾಲುಗಳೂ ಸಾಕು.